ಖಾಲಿ ಸೀಟಿನ ಪಕ್ಕ ನಿಂತವಳು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನ್ನ ಮನೆಗೆ ಬಂದರೆ ಕೇಳುವುದು ಹೆರಿಗೆಯ ಕಥೆಗಳನ್ನೇ. ಅಡ್ಡ ತಿರುಗಿದ ಕೂಸು, ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹುಟ್ಟಿದ ಅವಳಿ, ಹಳ್ಳ ತುಂಬಿ ಹರಿದಾಗ ಆಚೆ ದಡದಲ್ಲಿ ಉಳಿದ ಬಸುರಿ. ಹೇಳುತ್ತೇನೆ, ಹೇಳುವುದಕ್ಕೆ ಖುಷಿಯೂ ಇದೆ. ಆದರೆ ಜೇವರ್ಗಿ, ಅಫಜಲಪುರ, ಆಳಂದ ಎಂದು ಮೂರು ತಾಲೂಕು ಸುತ್ತಿದ ನನ್ನ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಹೆರಿಗೆ ಕೋಣೆಯಲ್ಲಿ ನಡೆದದ್ದಲ್ಲ. ಹಾಡಹಗಲು, ಜನ ತುಂಬಿದ ಬಸ್ಸಿನಲ್ಲಿ, ಒಬ್ಬ ಹೆಂಗಸು ಖಾಲಿ ಸೀಟಿನ ಪಕ್ಕ ಸುಮ್ಮನೆ ನಿಂತಿದ್ದಳು. ನೋಡಿದವರಿಗೆ ಕಂಡದ್ದು ಅಷ್ಟೇ. ಅವಳು ಇವತ್ತು ಬದುಕಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೇ ಮುಂದೆ ಬರೆಯುವ ಧೈರ್ಯ ಬರುವುದಿಲ್ಲ.

ನಾನು ಬಿ.ಎಸ್ಸಿ. ಓದಿ, ಆಮೇಲೆ ನರ್ಸಿಂಗ್ ಮುಗಿಸಿ ಇಲಾಖೆ ಸೇರಿದವಳು. ನನ್ನ ಹುದ್ದೆಗೆ ಕಾಲಕ್ಕೊಂದು ಹೆಸರು ಬಂತು, ಕೆಲಸ ಮಾತ್ರ ಬದಲಾಗಲಿಲ್ಲ. ಹಳ್ಳಿಯ ಹೆಂಗಸರು ಹೇಳುವುದನ್ನು ಕೇಳಿಸಿಕೊಳ್ಳುವುದು, ಹೇಳದೇ ಬಿಟ್ಟದ್ದನ್ನು ಹೊರಗೆ ತೆಗೆಯುವುದು. ಸದ್ಯಕ್ಕೆ ಮಕ್ಕಳು ಬೇಡ ಎನ್ನುವವರಿಗೆ ದಾರಿ ತೋರಿಸುವುದು ಅದರಲ್ಲಿ ದೊಡ್ಡ ಪಾಲು. ಗರ್ಭಕೋಶದೊಳಗೆ ಕೂರಿಸುವ ತಾಮ್ರದ ಸಣ್ಣ ಸಾಧನಕ್ಕೆ ಆಸ್ಪತ್ರೆಯಲ್ಲಿ ಕಾಪರ್-ಟಿ ಎನ್ನುತ್ತೇವೆ. ಹಳೆಯ ಹೆಂಗಸರು ವಂಕಿ ಎನ್ನುತ್ತಾರೆ. ಮಹಾರಾಷ್ಟ್ರದ ಗಡಿಗೆ ತಾಗಿದ ಆಳಂದದ ಊರುಗಳಲ್ಲಿ ಅದು ತಾಂಬಿ. ಒಳ್ಳೆಯ ಸಾಧನ. ಸಾವಿರಾರು ಹೆಂಗಸರ ಮೈಯನ್ನು ಉಳಿಸಿದೆ. ಆದರೆ ಹಾಕಿಸಿಕೊಂಡ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಮುಟ್ಟು ಜಾಸ್ತಿ ಹೋಗುತ್ತದೆ. ಬಹಳ ಮಂದಿಗೆ ತಾನಾಗಿ ಹತೋಟಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಆ ಕೆಲವರು ಯಾರು ಎಂದು ಸಮಯಕ್ಕೆ ಸರಿಯಾಗಿ ತಿಳಿಯುವುದೇ ನಮ್ಮ ಕೆಲಸ.

ತಿಳಿಯುವುದು ಹೇಗೆ? ಜೇವರ್ಗಿಯಲ್ಲಿ ನಾನು ಸೇರಿದ ಕಾಲಕ್ಕೆ ತರಬೇತಿಯಲ್ಲಿ ಕಲಿಸಿದ ಪ್ರಶ್ನೆ ಒಂದೇ. ದಿನಕ್ಕೆ ಎಷ್ಟು ಬಟ್ಟೆ ಬದಲಾಯಿಸುತ್ತೀರಿ? ಯಾರನ್ನು ಕೇಳಿದರೂ ಎರಡು ಎಂಬ ಉತ್ತರವೇ ಬರುತ್ತಿತ್ತು. ಒಂದು ದಿನ ತೊಗರಿ ಹೊಲದಲ್ಲಿ ಕಳೆ ಕೀಳುವುದನ್ನು ಬಿಟ್ಟು ನೇರ ಬಂದ ಒಬ್ಬ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದಳು. ಅವಳೂ ಎರಡೇ ಎಂದಳು.

"ಎರಡೇ ಆದ್ರ ಹಿಂಗ್ಯಾಕ ತೇಕಾಕತ್ತೀಯವ್ವಾ?" ಎಂದೆ.

"ಇರೋದೇ ಎರಡು ರೀ ಅಕ್ಕಾ. ಮೂರನೇದು ನಿಮ್ಮ ಸೀರೀದು ಹರದು ಕೊಡ್ತೀರೇನು?"

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು, ಅವಳೂ ನಕ್ಕಳು. ಅವತ್ತು ಅವಳನ್ನು ಕೂಡಿಸಿ ರಕ್ತ ಪರೀಕ್ಷೆ ಮಾಡಿಸಿದ್ದು ಪುಣ್ಯ. ಬಟ್ಟೆ ಎಣಿಸಿದರೆ ಬಡತನ ಗೊತ್ತಾಗುತ್ತದೆ, ರಕ್ತ ಗೊತ್ತಾಗುವುದಿಲ್ಲ. ಅದೂ ಅಲ್ಲದೆ ನಮ್ಮ ಕಡೆ ಆ ಬಟ್ಟೆಗೆ ಹಳೆಯ ಕಪ್ಪು ಲಂಗವನ್ನೋ ಕಡುಗೆಂಪು ಸೀರೆಯನ್ನೋ ಹರಿಯುವ ರೂಢಿ. ಒಣ ಹಾಕಿದಾಗ ಕಲೆ ಕಾಣಬಾರದು. ಹಾಗಾಗಿ ಎಷ್ಟು ಹೋಯಿತು ಎಂಬುದು ಅವರಿಗೇ ಕಾಣುತ್ತಿರಲಿಲ್ಲ.

ಪ್ರಶ್ನೆಯನ್ನು ಬದಲಾಯಿಸಿದವರು ಅಫಜಲಪುರದಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಮಾಲತಿ ಡಾಕ್ಟರ್. ನಾಲಿಗೆ ಕುಡುಗೋಲು, ಕೈ ಮಾತ್ರ ಬೆಣ್ಣೆ. ತಪ್ಪು ಮಾಡಿದರೆ ಎಲ್ಲರೆದುರಿಗೆ ಬೈಯುತ್ತಿದ್ದರು, ಆಮೇಲೆ ತಮ್ಮ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದರು. ಒಂದು ದಿನ ನನ್ನ ಪ್ರಶ್ನೆ ಕೇಳಿಸಿಕೊಂಡು ಗದರಿದರು.

"ನೀನೇನು ಡೋಬಿಯೇನು, ಬಟ್ಟಿ ಎಣಿಸಾಕ? ಬಸ್ ಕೇಳು."

ನನಗೆ ಅರ್ಥವಾಗಲಿಲ್ಲ. ಅವರು ಎದುರಿಗೆ ಕೂತಿದ್ದ ಹೆಂಗಸಿನ ಕಡೆ ತಿರುಗಿದರು. "ಏನವ್ವಾ, ಆ ದಿನದಾಗ ಇಲ್ಲಿಂದ ಕಲಬುರ್ಗಿ ತನಕ ಬಸ್ಸಿನಾಗ ಒಮ್ಮೆನೂ ಎದ್ದು ನಿಲ್ಲದಂಗ ಕೂತು ಹೋಗ್ತೀಯೇನು?"

ಆ ಹೆಂಗಸು ಬಾಯಿಗೆ ಸೆರಗು ಹಿಡಿದಳು. "ಅಯ್ಯ, ಕಲಬುರ್ಗಿ ದೂರ ಉಳೀತ್ರಿ. ಚೌಡಾಪುರ ಬರೂದ್ರಾಗ ಸೀಟು ತೊಳಿಬೇಕಾಗ್ತದ!"

ಅಲ್ಲಿಂದ ಮುಂದೆ ನಾನು ಬಸ್ಸನ್ನೇ ಕೇಳಿದೆ. ಬಟ್ಟೆಯ ಮಾತಿಗೆ ತಲೆ ತಗ್ಗಿಸುವ ಹೆಂಗಸರು ಬಸ್ಸಿನ ಮಾತಿಗೆ ಬಾಯಿ ಬಿಡುತ್ತಾರೆ. ಬಟ್ಟೆ ಹೋಗಿ ಪ್ಯಾಡ್ ಬಂದ ಮೇಲೂ ಆ ಪ್ರಶ್ನೆ ಹಳತಾಗಲಿಲ್ಲ, ಯಾಕೆಂದರೆ ಪ್ಯಾಡನ್ನೂ ಇದ್ದಷ್ಟೇ ಬಳಸುತ್ತಾರೆ.

ಮಾಲತಿ ಡಾಕ್ಟರಿಂದ ಕಲಿತ ಇನ್ನೊಂದು ಪಾಠ ಶಹನಾಜಳದು. ಅಫಜಲಪುರದಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಹೆಣ್ಣುಮಗಳು, ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಸೂಜಿ ತೆಗೆದುಕೊಳ್ಳುತ್ತಿದ್ದಳು. "ಜ್ಯಾದಾ ಹೋಗಂಗಿಲ್ರಿ ಆಪಾ, ಆದ್ರ ನಿಂದ್ರೂದೇ ಇಲ್ಲ. ಹನಿ ಹನಿ. ನಮಾಜಿಗೆ ಕೂಡಾಕ ಮನಸ್ಸು ಒಪ್ಪವಲ್ದು, ರೋಜಾ ಬೇರೆ ಬರಾಕತ್ತಾವ" ಎಂದಳು. ಹನಿ ಹನಿ ಹೋದರೆ ಜೀವಕ್ಕೇನೂ ಅಪಾಯವಿಲ್ಲ ಎಂದು ಸಮಾಧಾನ ಹೇಳಿ ಕಳಿಸುವುದು ನಮ್ಮಲ್ಲಿ ವಾಡಿಕೆ. ಮಾಲತಿ ಡಾಕ್ಟರ್ ಹಾಗೆ ಕಳಿಸಲಿಲ್ಲ. ಪರೀಕ್ಷಿಸಿದರು, ಗುಳಿಗೆ ಬರೆದರು, ರೋಜಾ ಉಪವಾಸ ಶುರುವಾಗುವ ಮುಂಚೆ ಮತ್ತೆ ಕರೆಸಿದರು. "ರಕ್ತ ಎಷ್ಟು ಹೋಗ್ತದ ಅಂತ ಅಷ್ಟೇ ನೋಡಬ್ಯಾಡ. ಅದು ಆಕಿ ಕಡಿಂದ ಏನು ಕಸಗೊಂಡು ಹೋಗ್ತದ ಅನ್ನೂದೂ ನೋಡು" ಎಂದರು. ಈದ್ ಹಬ್ಬದ ಮರುದಿನ ಶಹನಾಜ್ ಶೀರ್‌ಖುರ್ಮಾ ಪಾಯಸ ತುಂಬಿದ ಡಬ್ಬಿ ತಂದಳು. ಮಾಲತಿ ಡಾಕ್ಟರ್ ನನಗೆ ಒಂದೇ ಚಮಚ ಕೊಟ್ಟು ಉಳಿದದ್ದನ್ನು ತಾವೇ ತಿಂದರು. ಅವರು ಈಗ ಇಲ್ಲ. ನನ್ನ ಕೆಲಸದಲ್ಲಿ ಏನಾದರೂ ಒಳ್ಳೆಯದಿದ್ದರೆ ಅದರಲ್ಲಿ ಅರ್ಧ ಅವರದು.

ಇನ್ನು ಆ ಬಸ್ಸಿನ ವಿಷಯ.

ನಾನು ನಿವೃತ್ತಿಗೆ ಹತ್ತಿರವಾಗಿದ್ದೆ. ಆಳಂದ ತಾಲೂಕಿನ ಉಪಕೇಂದ್ರಗಳ ಮೇಲ್ವಿಚಾರಣೆ ನನ್ನದಾಗಿತ್ತು. ಹಿರೋಳ್ಳಿಯಲ್ಲಿ ಕೆಲಸ ಮುಗಿಸಿ ಆಳಂದದ ಬಸ್ಸಿಗೆ ನಿಂತಿದ್ದೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದೆಂದರೆ ಯುದ್ಧ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಜಾಗ ಹಿಡಿಯಬೇಕು. ಆ ವಿದ್ಯೆಯಲ್ಲಿ ಊರಿಗೇ ಹೆಸರಾದವಳು ಶಾಂತಾಬಾಯಿ. ಕೂಲಿ ಮಾಡಿ ಮಗನನ್ನು ಓದಿಸಿದ ಗಟ್ಟಿ ಹೆಂಗಸು, ನನಗೆ ಬಹಳ ವರ್ಷದ ಪರಿಚಯ. ಅವತ್ತು ಅವಳ ಟವೆಲ್ಲಿಗೆ ಎರಡು ಸೀಟು ಸಿಕ್ಕಿದ್ದವು. ಒಂದು ಅವಳಿಗೆ, ಇನ್ನೊಂದು ಸೊಸೆ ಸುಜಾತಾಳಿಗೆ. ಆಳಂದದಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದರು.

"ಜೈ ಭೀಮ್ ಸಿಸ್ಟರ್! ಹಿಂದಿನ ಸೀಟಿನಾಗ ಜಾಗಾ ಅದ, ಬರ್ರಿ ಬರ್ರಿ" ಎಂದು ನನ್ನನ್ನು ಕರೆದು ಕೂಡಿಸಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. ಸುಜಾತಾ ಕಂಬ ಹಿಡಿದು ನಿಂತಿದ್ದಳು.

"ಬಾ ಬೇ, ಕೂಡು."

"ಇರ್ಲಿ ಅತ್ತಿ, ನಿಂದರ್ತೇನಿ."

"ಜಗಳಾಡಿ ಹಿಡದೀನಿ ಸೀಟು. ಅತ್ತಿ ಮಗ್ಗಲಿಗೆ ಕೂತ್ರ ಮೈ ಸುಡ್ತದೇನು?"

"ಕೂತ್ರ ವಾಂತಿ ಬಂದಂಗ ಆಗ್ತದ್ರಿ."

ಶಾಂತಾಬಾಯಿಯ ಸಿಟ್ಟು ಅಲ್ಲೇ ಕರಗಿತು. ಹಿಂದೆ ತಿರುಗಿ ನನಗೆ ಕಣ್ಣು ಹೊಡೆದಳು. "ವಾಂತಿ ಅಂತ ಸಿಸ್ಟರ್! ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ ಅಂತ ದಿನಾ ಬಡಕೋತಿದ್ದೆ. ಒಂದು ಗಂಡು, ಒಂದು ಹೆಣ್ಣು ಆಗ್ಯಾವ. ಇನ್ನೊಂದು ಗಂಡಾದ್ರ ಸಾಕು ನನಗ."

ಕಂಡಕ್ಟರ್ ಮೌಲಾ ಜನರ ನಡುವೆ ತೂರಿಕೊಂಡು ಬಂದ. "ಏ ಅಕ್ಕಾ, ಸೀಟಿಗೆ ಮುಳ್ಳು ಹಚ್ಚೀವೇನು? ಪುಕ್ಕಟೆ ಬಂದವ್ರು ಕೂಡಬಾರದಂತ ಸರ್ಕಾರ ಏನೂ ಹೇಳಿಲ್ಲ" ಎಂದ. ಬಸ್ಸು ನಕ್ಕಿತು. ಬೇರೊಬ್ಬಳು ಆ ಸೀಟಿಗೆ ಕೈ ಹಾಕಿದಾಗ ಶಾಂತಾಬಾಯಿ ಅಂಗೈ ಊರಿದಳು. "ಯಾರಿಗೂ ಬಿಡಂಗಿಲ್ಲ. ನಮ್ಮ ಬಸರಿ ಕೂಡ್ತಾಳ."

ನಾನೂ ನಗುತ್ತಿದ್ದೆ. ಆಗ ಸುಜಾತಾಳ ಕೈ ಕಣ್ಣಿಗೆ ಬಿತ್ತು. ಕಂಬ ಹಿಡಿದ ಬೆರಳ ಉಗುರುಗಳು ಸುಣ್ಣ ಬಳಿದಷ್ಟು ಬಿಳಿ. ಸೆರಗನ್ನು ಹಿಂದಿನಿಂದ ಸುತ್ತಿ ಸೊಂಟಕ್ಕೆ ಬಿಗಿದಿದ್ದಳು. ಎರಡೂ ಕಾಲು ಜೋಡಿಸಿ, ಬಸ್ಸು ಹೊರಳಿದರೂ ಬಿಡಿಸದೆ ನಿಂತಿದ್ದಳು. ಉಟ್ಟದ್ದು ಕಡುಗೆಂಪು ಸೀರೆ. ಮಾಲತಿ ಡಾಕ್ಟರ್ ಕಲಿಸಿದ ಪ್ರಶ್ನೆಗೆ ಉತ್ತರ, ನಾನು ಕೇಳದೆಯೇ ನನ್ನ ಎದುರಿಗೆ ನಿಂತಿತ್ತು.

ಎದ್ದು ಹೋಗಿ ಅವಳ ಪಕ್ಕ ನಿಂತು ಮೆಲ್ಲಗೆ ಕೇಳಿದೆ. "ಹೊರಗಾಗೀಯೇನವ್ವಾ?"

ಹೌದೆಂದು ತಲೆಯಾಡಿಸಿದಳು. "ನಿಂತೇ ಇಲ್ರಿ ಅಕ್ಕಾ. ಗಡ್ಡಿ ಗಡ್ಡಿ ಹೋಗಾಕತ್ತದ. ಕಣ್ಣಿಗೆ ಕತ್ತಲಿ..."

ಮಾತು ಮುಗಿಯಲಿಲ್ಲ. ಕಂಬದಿಂದ ಕೈ ಜಾರಿತು. ನಾನು ಹಿಡಿದುಕೊಂಡೆ, ಆದರೆ ಅವಳ ಭಾರಕ್ಕೆ ಇಬ್ಬರೂ ಕುಸಿದೆವು. ಬಸ್ಸಿನ ನೆಲದ ತಗಡು ಒದ್ದೆಯಾಗಿತ್ತು. ನನ್ನ ಅಂಗೈ ನೋಡಿಕೊಂಡ ಮೇಲೆ ಅದು ಏನೆಂದು ತಿಳಿಯಿತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಕೆಂಪು ಎಂಬುದೇ ಇರಲಿಲ್ಲ. ನಾಡಿ ನೂಲಿನಷ್ಟು ತೆಳ್ಳಗೆ, ಓಡುತ್ತಿತ್ತು. ಎಷ್ಟು ವರ್ಷದ ಕೆಲಸ ನನ್ನದು, ಎಷ್ಟು ರಕ್ತ ನೋಡಿದವಳು. ಆದರೂ ಆ ಕ್ಷಣ ಅವಳ ಮಣಿಕಟ್ಟು ಹಿಡಿದುಕೊಂಡು ಕೂತೇಬಿಟ್ಟೆ. ಕೈಯಲ್ಲಿ ಒಂದು ಸೂಜಿಯಿಲ್ಲ, ಒಂದು ಬಾಟಲಿಯಿಲ್ಲ, ಸುತ್ತ ಬರೀ ಹೊಲ.

ಕೂಗಿದವನು ಮೌಲಾ. ಒಂದೇ ಸಮ ಸೀಟಿ ಊದಿದ. "ಡ್ರೈವರ್ ಸಾಬ್, ಎಲ್ಲೂ ನಿಂದ್ರಸಬ್ಯಾಡ್ರಿ! ಸೀದಾ ದವಾಖಾನಿಗೆ ಹೊಡೀರಿ!"

ಆಮೇಲೆ ಆ ಬಸ್ಸಿನಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಸೀಟಿಗಾಗಿ ಜಗಳಾಡಿದ್ದ ಹೆಂಗಸರೇ ಎದ್ದು ನಿಂತು ಸೆರಗು ಬಿಚ್ಚಿ ಸುತ್ತ ಪರದೆ ಹಿಡಿದರು. ಒಬ್ಬಳು ತನ್ನ ಬುರ್ಖಾದ ಮೇಲಿನ ದುಪಟ್ಟಾ ತೆಗೆದು ಸುಜಾತಾಳ ಮೈಗೆ ಹೊದಿಸಿದಳು. ಗಂಡಸರು ಯಾರೂ ಹೇಳದೆಯೇ ಮುಖ ಮುಂದಕ್ಕೆ ತಿರುಗಿಸಿ ಕೂತರು. ನಾನು ಸುಜಾತಾಳ ಕಾಲುಗಳನ್ನು ಯಾರದೋ ಜೋಳದ ಚೀಲದ ಮೇಲೆ ಎತ್ತಿಟ್ಟೆ. ತಾನು ಇಳಿಯುವ ಊರು ಹಿಂದೆ ಹೋದಾಗ ಒಬ್ಬ ಮುದುಕ ಕಿಟಕಿಯಿಂದ ನೋಡಿ, "ಹೋಗ್ಲಿ ಬಿಡ್ರಿ, ಸಂಜಿಕಿ ಹೊಳ್ಳಿ ಬರ್ತೇನಿ. ಹೊಡಿ ತಮ್ಮಾ ನೀ" ಎಂದ.

ಆ ಗದ್ದಲದಲ್ಲಿ ಸುಜಾತಾ ಕಣ್ಣು ತೆರೆದಳು. ನನ್ನ ಕಿವಿಯನ್ನು ಹತ್ತಿರ ಎಳೆದುಕೊಂಡಳು.

"ಅಕ್ಕಾ, ಒಳಗ ತಾಂಬಿ ಅದ್ರಿ. ತವರಿನಾಗ ಹೆರಿಗಿ ಆದಾಗ ಹಾಕಿಸ್ಕೊಂಡೀನಿ. ಅತ್ತಿಗಿ ಹೇಳಬ್ಯಾಡ್ರಿ. ತಗಸಿದ್ರ ಮತ್ತ ಬಸರಾಗ್ತೇನಿ. ಹೋದ ಹೆರಿಗ್ಯಾಗೇ ಸತ್ತು ಬದುಕೀನಿ. ಇನ್ನೊಂದಕ್ಕ ಉಳಿಯಂಗಿಲ್ರಿ ನಾ."

ಆಗ ನನಗೆ ಎಲ್ಲ ಸ್ಪಷ್ಟವಾಯಿತು. ಸಾಯುವಷ್ಟು ರಕ್ತ ಹೋಗುತ್ತಿದ್ದರೂ ಅವಳು ಬಾಯಿ ಬಿಡದಿದ್ದದ್ದು ನಾಚಿಕೆಯಿಂದಲ್ಲ. ಹೇಳಿದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಆಸ್ಪತ್ರೆಯಲ್ಲಿ ತಾಂಬಿ ತೆಗೆಯುತ್ತಾರೆ, ತೆಗೆದರೆ ಮತ್ತೆ ಹೆರಿಗೆ. ಅವಳ ಲೆಕ್ಕದಲ್ಲಿ ಎರಡೂ ಕಡೆ ಸಾವೇ ಇತ್ತು.

"ಏನಂದ್ಲು? ಏನಂದ್ಲು ಸಿಸ್ಟರ್? ಗರ್ಭ ಹೋತೇನು?" ಶಾಂತಾಬಾಯಿ ನನ್ನ ಭುಜ ಅಲ್ಲಾಡಿಸುತ್ತಿದ್ದಳು.

"ನೀರು ಕೇಳಾಕತ್ತಾಳ" ಎಂದೆ. ಅವಳು ಬಾಟಲಿ ಹುಡುಕಿದಳು, ನಾನು ಸೊಸೆಯ ತುಟಿ ಮಾತ್ರ ಒದ್ದೆ ಮಾಡಿದೆ.

ಬಸ್ಸು ಆಸ್ಪತ್ರೆಯ ಬಾಗಿಲಿಗೇ ಹೋಗಿ ನಿಂತಿತು. ಅಲ್ಲಿದ್ದ ಡಾಕ್ಟರ್ ನನ್ನ ಮಗಳಿಗಿಂತ ಚಿಕ್ಕ ವಯಸ್ಸಿನವರು, ಆದರೆ ಕೈ ಚುರುಕು. ಅವರನ್ನು ಬದಿಗೆ ಕರೆದು ತಾಂಬಿಯ ವಿಷಯ ಹೇಳಿದೆ. ಅವರು ತಲೆಯಾಡಿಸಿದರು, ಒಂದು ಮಾತೂ ಹೊರಗೆ ಬಿಡಲಿಲ್ಲ. ಸಲೈನ್ ಏರಿತು, ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರು. ಸ್ಕ್ಯಾನಿನಲ್ಲಿ ಗರ್ಭ ಇರಲಿಲ್ಲ, ತಾಂಬಿ ಇರಬೇಕಾದಲ್ಲೇ ಇತ್ತು. ಹೆರಿಗೆಯಲ್ಲಿ ಬತ್ತಿದ ರಕ್ತ ತುಂಬಿಕೊಳ್ಳುವ ಮೊದಲೇ ತಿಂಗಳು ತಿಂಗಳು ಹೀಗೆ ಹೋದರೆ ಮೈ ಎಷ್ಟು ತಡೆದೀತು ಎಂದರು. ಈಗ ರಕ್ತ ಬೇಕಿತ್ತು.

ಶಾಂತಾಬಾಯಿ ಕುಪ್ಪಸದ ತೋಳು ಏರಿಸಿ ಮುಂದೆ ಬಂದಳು. "ನಂದು ತಗೋರಿ. ಎಷ್ಟು ಬೇಕು ಅಷ್ಟು ತಗೋರಿ." ಬೆರಳು ಚುಚ್ಚಿ ನೋಡಿದ ಲ್ಯಾಬಿನವನು, "ಅಮ್ಮಾ, ಮೊದಲ ನಿಮಗೇ ಏರಿಸಬೇಕಾಗ್ತದ" ಎಂದ. ಅವಳು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಡಿಪೋಗೆ ಬಸ್ಸು ಮುಟ್ಟಿಸಿ ಓಡುತ್ತಾ ಬಂದ ಮೌಲಾ ರಕ್ತ ಕೊಟ್ಟ. ಬಸ್ಸಿನಲ್ಲಿದ್ದ ಇನ್ನಿಬ್ಬರು ಪ್ರಯಾಣಿಕರೂ ಅವನೊಂದಿಗೆ ರಕ್ತ ಕೊಡಲು ಬಂದಿದ್ದರು. ಅವರ ಹೆಸರು ನಾನು ಕೇಳಲೇ ಇಲ್ಲ. "ಸೀಟಿಗೆ ಮುಳ್ಳು ಹಚ್ಚೀವೇನು ಅಂದಿದ್ನಲ್ರಿ ಆ ತಾಯಿಗೆ. ನನ್ನ ನಾಲಿಗಿಗೆ ಮುಳ್ಳು ಹಚ್ಚಬೇಕ್ರಿ" ಎಂದು ಮೌಲಾ ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡ.

ಬೆಂಚಿನ ಮೇಲೆ ಶಾಂತಾಬಾಯಿ ನನ್ನೊಡನೆ ಎಂಬಂತೆ, ತನ್ನೊಳಗೆ ಎಂಬಂತೆ ಮಾತಾಡುತ್ತಿದ್ದಳು. "ನನಗೂ ಹಿಂಗೇ ಹೋಗ್ತಿತ್ರಿ ಸಿಸ್ಟರ್. ಕೆಟ್ಟ ರಕ್ತ, ಹೋದಷ್ಟೂ ಮೈ ಹಗುರ ಅಂತಿದ್ಲು ನಮ್ಮತ್ತಿ. ಹೋದ ತಿಂಗಳು ಈಕಿ ಗ್ವಾಡಿ ಹಿಡಕೊಂಡು ಅಡ್ಡಾಡೂದು ನೋಡಿ ನಾನೂ ಅದೇ ಅಂದೆ. ಈ ತಿಂಗಳು ಈಕಿ ಏನೂ ಹೇಳಲಿಲ್ಲ. ಬಸರಂತ ತಿಳಕೊಂಡು ಖುಷಿ ಪಡಾಕತ್ತಿದ್ದೆ."

ಹುಡುಗಿಯರೇ, ನಿಮಗೆ ಹೇಳಬೇಕಾದದ್ದು ಇಲ್ಲೇ ಇದೆ. ಕೆಟ್ಟ ರಕ್ತ ಎಂಬುದು ಇಲ್ಲ. ಹೋಗುವುದೆಲ್ಲ ಅವಳ ರಕ್ತವೇ. ತಾಂಬಿ ಹಾಕಿಸಿಕೊಂಡವಳಿಗೆ ಮೊದಲ ತಿಂಗಳುಗಳಲ್ಲಿ ಸ್ವಲ್ಪ ಹೆಚ್ಚು ಹೋಗುತ್ತದೆ ಎಂದು ಹೇಳಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಗಡ್ಡೆ ಹೋದರೆ, ನಿಂತಲ್ಲಿ ಕಣ್ಣು ಕತ್ತಲಾದರೆ, ಕೊಡ ಹೊತ್ತು ನಡೆಯುವಾಗ ದಮ್ಮು ಹತ್ತಿದರೆ ಅವತ್ತೇ ಬಾ ಎಂದು ಹೇಳಿ. ರಕ್ತಸ್ರಾವ ಕಡಿಮೆ ಮಾಡುವ ಗುಳಿಗೆಗಳನ್ನು ಡಾಕ್ಟರ್ ಕೊಡುತ್ತಾರೆ. ಕಬ್ಬಿಣಾಂಶದ ಗುಳಿಗೆಯನ್ನು ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಮತ್ತೆ ಇದನ್ನು ಮರೆಯಬೇಡಿ: ತಾಂಬಿ ತೆಗೆಸುವುದೆಂದರೆ ಬಸಿರಾಗುವುದೆಂದಲ್ಲ, ಅದೇ ದಿನ ಬೇರೆ ದಾರಿ ಹಿಡಿಯಬಹುದು. ಈ ಒಂದು ಮಾತನ್ನು ಯಾರಾದರೂ ಸುಜಾತಾಳಿಗೆ ಮೊದಲೇ ಹೇಳಿದ್ದರೆ ಅವಳು ಆ ಬಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ನಾನು ಅವತ್ತು ಹಿಂದಿನ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದರೆ? ಮೌಲಾ ಪ್ರತಿ ಊರಲ್ಲೂ ಬಸ್ಸು ನಿಲ್ಲಿಸಿದ್ದರೆ? ಈ ಪ್ರಶ್ನೆಗಳು ಈಗಲೂ ಅಡುಗೆ ಮಾಡುವಾಗ, ತರಕಾರಿ ತರುವಾಗ ಬಂದು ಎದುರಿಗೆ ನಿಲ್ಲುತ್ತವೆ.

ಮರುದಿನ ಬೆಳಿಗ್ಗೆ ಹೋದಾಗ ಸುಜಾತಾಳ ತುಟಿಗೆ ಬಣ್ಣ ಬಂದಿತ್ತು. ಡಾಕ್ಟರ್ ಬಂದೊಡನೆ ಅವಳು ಕೇಳಿದ ಮೊದಲ ಮಾತು, "ತಗದ್ರೇನ್ರಿ?"

"ಇಲ್ಲ. ನಿನ್ನ ಕೇಳಲಾರದ ತಗಿಯಂಗಿಲ್ಲ" ಎಂದರು ಡಾಕ್ಟರ್. "ಆದ್ರ ನಿನ್ನ ಮೈಗೆ ಇದು ಸದ್ಯ ಬ್ಯಾಡ. ತಗದ ದಿನವೇ ಬ್ಯಾರೇದು ಚಾಲೂ ಮಾಡೂನು. ಮೂರು ತಿಂಗಳ ಸೂಜಿ ಅದ. ದಿನಾ ನುಂಗೂ ಗುಳಿಗಿ ಅದ. ಇದೇ ಥರಾ ಒಳಗಿಡೂದು, ಆದ್ರ ರಕ್ತ ಕಡಿಮಿ ಮಾಡೂ ಹಾರ್ಮೋನಿಂದು ಇನ್ನೊಂದು ಅದ. ಇಲ್ಲಾ ಅಂದ್ರ ನಿನ್ನ ಗಂಡಗ ಸಣ್ಣ ಆಪರೇಷನ್."

"ಅವನಿಗೇ? ಸೂಜಿ ನೋಡಿದ್ರ ಸೋಲಾಪುರಕ್ಕ ಓಡ್ತಾನ."

ಮಾತು ಬಂದದ್ದು ಬಾಗಿಲ ಕಡೆಯಿಂದ. ಚಹಾದ ಲೋಟ ಹಿಡಿದು ಶಾಂತಾಬಾಯಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಯಾರೂ ನಗಲಿಲ್ಲ. ಸುಜಾತಾಳ ಮುಖದಲ್ಲಿ ಬಂದಿದ್ದ ಬಣ್ಣ ಮತ್ತೆ ಇಳಿಯಿತು. ಶಾಂತಾಬಾಯಿ ಒಳಗೆ ಬಂದು ಲೋಟವನ್ನು ಕಿಟಕಿಯಲ್ಲಿಟ್ಟಳು.

"ತಾಂಬಿ ಹಾಕಿಸ್ಕೊಂಡಿ. ನನಗ್ಯಾಕ ಹೇಳಲಿಲ್ಲ ಬೇ?"

ಸುಜಾತಾ ಚಾದರದ ಅಂಚು ಮಡಿಸಿದಳು. ಆಮೇಲೆ ಕೇಳಿದಳು. "ಹೇಳಿದ್ರ ಕೇಳ್ತಿದ್ರೇನ್ರಿ ಅತ್ತಿ?"

ಶಾಂತಾಬಾಯಿ ಸುಳ್ಳು ಹೇಳುವ ಹೆಂಗಸಲ್ಲ. ಯೋಚಿಸಿ ಉತ್ತರ ಕೊಟ್ಟಳು.

"ಇಲ್ಲ. ಕೇಳ್ತಿದ್ದಿಲ್ಲ."

ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು. "ಈಗ ಕೇಳಾಕತ್ತೇನಿ. ಹೇಳು."

"ಎರಡು ಮಕ್ಕಳು ಸಾಕ್ರಿ ಅತ್ತಿ. ಅವನ್ನ ಬೆಳಸಾಕ ನಾ ಬದುಕಬೇಕು." ಅವಳ ಧ್ವನಿ ಸಣ್ಣದಿತ್ತು, ಆದರೆ ನಡುಗಲಿಲ್ಲ. "ತಾಂಬಿ ತಗಿಲಿ. ಇವತ್ತೇ ಸೂಜಿ ಹಾಕ್ಲಿ."

ಶಾಂತಾಬಾಯಿ ಡಾಕ್ಟರ್ ಕಡೆ ನೋಡಿದಳು. "ಕೇಳಿದ್ರಲ್ರಿ ಡಾಕ್ಟರಬಾಯಿ? ಆಕಿ ಹೇಳಿದಂಗ ಮಾಡ್ರಿ."

ಡಾಕ್ಟರ್ ಕೈಗವಸು ಎಳೆದುಕೊಂಡು ನಮ್ಮಿಬ್ಬರಿಗೂ ಹೊರಗೆ ಹೋಗಲು ಸನ್ನೆ ಮಾಡಿದರು. ನಾನು ಎದ್ದೆ. ಶಾಂತಾಬಾಯಿ ಏಳಲಿಲ್ಲ. ಸ್ಟೂಲನ್ನು ಮಂಚದ ತಲೆಯ ಕಡೆಗೆ ಸರಿಸಿ, ಸೊಸೆಯ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು ಕೂತಳು.